ಕ್ಯಾರೆಟ್ ತೆಗೆದ ಸಾರು

ಟ್ರಾಮಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿದ್ದರೂ ಸುಲಾನ್ ಹೊರಗೆ ನೋಡಲಿಲ್ಲ. ತೊಡೆಯ ಮೇಲೆ ಕಿತ್ತಳೆಯ ಚೀಲ ಇಟ್ಟುಕೊಂಡು, ಆಡಬೇಕಾದ ಮಾತನ್ನು ಬಾಯೊಳಗೇ ಮಗುಚಿ ಹಾಕುತ್ತಿದ್ದಳು. ಬರಬೇಡಿ ಎನ್ನದೆ ಬರಬೇಡಿ ಎನ್ನಬೇಕು, ಅದೂ ಹಂಗೇರಿಯ ಭಾಷೆಯಲ್ಲಿ. ಮೂವತ್ತು ವರ್ಷ ಬುಡಾಪೆಸ್ಟಿನ ಮಾರುಕಟ್ಟೆಯಲ್ಲಿ ಕಾಲುಚೀಲ ಮಾರಿದವಳ ಭಾಷೆ ಅದು. ಅಳತೆ ಕೇಳುವುದಕ್ಕೆ, ಬಣ್ಣ ಹೋಗುವುದಿಲ್ಲವೆಂದು ಆಣೆ ಇಡುವುದಕ್ಕೆ, ಪೊಲೀಸಿನವನಿಗೆ ನಮಸ್ಕಾರ ಹೇಳುವುದಕ್ಕೆ ಧಾರಾಳವಾಗಿ ಸಾಕು. ಒಬ್ಬ ಮುದುಕಿಯ ಮನಸ್ಸು ನೋಯದಂತೆ ಅವಳನ್ನು ಬಾಗಿಲಾಚೆ ನಿಲ್ಲಿಸುವುದಕ್ಕೆ ಸಾಲದು. 'ಪಿರೋಷ್ಕಾ ಅಮ್ಮ, ನಮ್ಮಲ್ಲಿ ಮೊದಲ ತಿಂಗಳು ಬಾಣಂತಿಯ ಕೋಣೆಗೆ ಹೊರಗಿನವರು ಬರಬಾರದು.' ಹೊರಗಿನವರು ಎನ್ನುವಲ್ಲಿ ಪ್ರತಿಸಲವೂ ನಾಲಿಗೆ ತಡವರಿಸಿತು. ಸುಲಾನಳ ಮಗಳು ಯಾವೆನ್ ಹತ್ತು ತಿಂಗಳ ಕೂಸಾಗಿದ್ದಾಗಿನಿಂದ ಶಾಲೆಗೆ ಸೇರುವ ತನಕ ಬೆಳೆದದ್ದು ಈ ಪಿರೋಷ್ಕಾಳ ಮನೆಯಲ್ಲಿ. ಮಾರುಕಟ್ಟೆಯ ಚೀನೀಯರೆಲ್ಲ ಆಗ ಹಾಗೆಯೇ ಮಾಡುತ್ತಿದ್ದರು. ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತ ಒಬ್ಬ ಹಂಗೇರಿಯ ಹೆಂಗಸನ್ನು ಹುಡುಕಿ ಮಗುವನ್ನು ಒಪ್ಪಿಸುವುದು, ವಾರವೆಲ್ಲ ದುಡಿಯುವುದು, ಭಾನುವಾರ ಹೋಗಿ ಮುಖ ತೋರಿಸಿ ಬರುವುದು. ಅಂಥವಳನ್ನು ಹೊರಗಿನವಳು ಎನ್ನುವುದು ಹೇಗೆ? ತಿಂಗಳು ತುಂಬಿದ ದಿನ ಕೆಂಪು ಬಣ್ಣದ ಮೊಟ್ಟೆ ಹಂಚುವಾಗ ನಿಮ್ಮನ್ನೇ ಮೊದಲು ಕರೆಯುತ್ತೇನೆ ಎಂದು ಸೇರಿಸಿದರೆ ಮಾತಿನ ಮೊನೆ ಸ್ವಲ್ಪ ಮೊಂಡಾದೀತು. ಎರಡು ವಾಕ್ಯವನ್ನೂ ಜೋಡಿಸಿ ಇನ್ನೊಮ್ಮೆ ಹೇಳಿಕೊಂಡಳು. ಎದುರು ಸೀಟಿನ ಹುಡುಗಿ, ಯಾರೋ ಮುದಿ ಚೀನೀ ಹೆಂಗಸು ಜಪ ಮಾಡುತ್ತಿದ್ದಾಳೆಂದುಕೊಂಡು ಮುಗುಳ್ನಕ್ಕಳು.

ಏಪ್ರಿಲ್ ನಡುವಿಗೆ ಎಂದು ಯಾವೆನ್ ಹೇಳಿದ್ದಳು. ಇನ್ನೂ ಮಾರ್ಚ್ ಮುಗಿದಿಲ್ಲ. ಆದರೂ ಸುಲಾನಳ ಮನೆಯಲ್ಲಿ ಎಲ್ಲ ತಯಾರಿತ್ತು. ಚಳಿಗಾಲದಲ್ಲಿ ತಾನೇ ಹುಳಿಯಿಟ್ಟು ಇಳಿಸಿದ ಕೆಂಪು ಅಕ್ಕಿಯ ಮದ್ಯ ಜಾಡಿಯಲ್ಲಿ ಪಕ್ವವಾಗಿತ್ತು. ಹಳೆಯ ಶುಂಠಿ, ಎಳ್ಳೆಣ್ಣೆ, ಚೀನಾದ ತನ್ನೂರು ಫುಚಿಂಗಿನಿಂದ ತರಿಸಿದ ದಾರದಂಥ ಶ್ಯಾವಿಗೆ, ಎಲ್ಲ ಕಪಾಟಿನಲ್ಲಿ ಕಾಯುತ್ತಿದ್ದವು. ಮಾರುಕಟ್ಟೆಯ ಅಂಗಡಿಯನ್ನು ಒಂದು ತಿಂಗಳು ಪಕ್ಕದ ಅಂಗಡಿಯವಳಿಗೆ ವಹಿಸಿಯಾಗಿತ್ತು. ಗಂಡ ಸತ್ತಾಗಲೂ ಅವಳು ಇಷ್ಟು ದಿನ ಅಂಗಡಿ ಬಿಟ್ಟವಳಲ್ಲ. ಯಾವೆನ್ ಮಾತ್ರ ಮೊದಲು ಬಾಯಿಗೆ ಬಂದಂತೆ ಆಡಿದ್ದಳು: "ತಲೆ ತೊಳೀಬಾರ್ದು, ಕಿಟಕಿ ತೆಗೀಬಾರ್ದು, ತಣ್ಣೀರು ಮುಟ್ಬಾರ್ದು. ಇದೇನು ಬಾಣಂತನಾನಾ ಜೈಲಾ, ಅಮ್ಮ? ಯಾವ ಕಾಲದಲ್ಲಿದೀಯ ನೀನು?" ಕೊನೆಗೊಂದು ದಿನ ಮಗಳು, "ಆಯ್ತು, ಬಾ, ನೋಡೋಣ" ಅಂದಿದ್ದಳು. ಅಷ್ಟು ಸಾಕಿತ್ತು. ಇಲ್ಲಿಯವರಿಗೆ ಇದೆಲ್ಲ ಎಲ್ಲಿ ಗೊತ್ತು ಎಂದು ಸುಲಾನ್ ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದಾಳೆ. ಯಾವೆನ್ ಹುಟ್ಟಿದ ದಿನ ಆಸ್ಪತ್ರೆಯ ದಾದಿ ತಂದಿಟ್ಟದ್ದು ಹುಳಿ ಚೆರ್ರಿ ಹಣ್ಣಿನ ತಣ್ಣನೆಯ ಸಾರು. ಜನವರಿಯಲ್ಲಿ, ಹೆತ್ತ ಮೈಗೆ, ತಣ್ಣನೆಯ ಸಾರು! ಆ ತಿಳಿಗೆಂಪನ್ನು ನೋಡಿ ಅವಳಿಗೆ ಅಳು ಬಂದಿತ್ತು. ಬಿಸಿನೀರು ಎನ್ನುವ ಮಾತೂ ಬರುತ್ತಿರಲಿಲ್ಲ. ಕೈಯಲ್ಲಿ ಹಬೆ ಏಳುವುದನ್ನು ತೋರಿಸಿದರೆ, ದಾದಿ ಕಿಟಕಿ ತೆಗೆದು ಹೋದಳು. ಗಂಡ ಸರಕಿನ ಜೊತೆ ಗಡಿಯಲ್ಲಿ ಸಿಕ್ಕಿಬಿದ್ದಿದ್ದ. ಅತ್ತೆಯಿಲ್ಲ, ತಾಯಿಯಿಲ್ಲ, ಒಂದು ಲೋಟ ಬಿಸಿನೀರು ಕೊಡುವವರಿಲ್ಲ. ಎರಡು ವಾರ ತುಂಬುವ ಮೊದಲೇ ಅವಳು ಮಾರುಕಟ್ಟೆಯಲ್ಲಿ ತೆರೆದ ಅಂಗಡಿಯ ಮುಂದೆ ನಿಂತಿದ್ದಳು. ಅವತ್ತಿನ ಚಳಿ ಮಣಿಕಟ್ಟಿನಲ್ಲಿ ಇವತ್ತಿಗೂ ಕೂತಿದೆ. ಬಾಣಂತನದಲ್ಲಿ ಹತ್ತಿದ ನೋವು ಇನ್ನೊಂದು ಬಾಣಂತನದಲ್ಲೇ ಬಿಡಬೇಕು ಎನ್ನುತ್ತಾರೆ ಊರಿನಲ್ಲಿ; ಅವಳಿಗೆ ಇನ್ನೊಂದು ಬರಲೇ ಇಲ್ಲ. ಮಗಳದಾದರೂ ಆಗಲಿ, ಒಂದು ಬಾಣಂತನವನ್ನು ತನ್ನ ಕೈಯಾರೆ ಸರಿಯಾಗಿ ಮಾಡಿಬಿಡಬೇಕು. ಅದೊಂದು ಮಾಡಿದರೆ ತಾನು ತಾಯಿ ಎನ್ನುವುದಕ್ಕೆ ಬೇರೆ ಪುರಾವೆ ಬೇಡ ಎಂದು ಅವಳು ನಂಬಿದ್ದಳು.

ಪಿರೋಷ್ಕಾಳ ಮನೆಯಿದ್ದ ಕಿಶ್ಪೆಶ್ಟಿನಲ್ಲಿ ಇಳಿದಾಗ ಗಾಳಿ ಮುಖಕ್ಕೆ ಹೊಡೆಯಿತು. ಬ್ರೆಡ್ಡಿನ ಅಂಗಡಿಯ ಹೆಂಗಸು ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ "ಏ-ನು ಬೇ-ಕು" ಎಂದು ಯಾರನ್ನೋ ಕೇಳುತ್ತಿದ್ದಳು. ನೋಡಿದರೆ ಅವನೂ ಚೀನೀಯನೇ, ಹೊಸಬ. ಸುಲಾನಳಿಗೆ ಈಗಲೂ ಹಾಗೆಯೇ ಕೇಳುತ್ತಾರೆ. ಹೋಗಲಿ, ಊರಿಗೆ ಹೋದರೆ ಅಲ್ಲಿ ಇನ್ನೊಂದು ಬಗೆ. ಹೋದ ಸಲ ಫುಚಿಂಗಿನಲ್ಲಿ ತನ್ನ ಬೀದಿಯೇ ಗುರುತು ಸಿಗದೆ ಆಟೋದವನಿಗೆ ದಾರಿ ಕೇಳಿದರೆ, ಅವನು, "ಎಲ್ಲಿಂದ ಬಂದ್ರಿ ಅಕ್ಕ, ನಮ್ಮ ಮಾತು ಚೆನ್ನಾಗೇ ಕಲ್ತಿದೀರಿ" ಅಂದಿದ್ದ. ಅತ್ತಿಗೆ ಅದನ್ನು ಹತ್ತು ಮನೆಗೆ ಹೇಳಿ ನಗಿಸಿದ್ದಳು. ಅಲ್ಲಿ ಸಾಲಿನಲ್ಲಿ ನಿಂತರೆ ಹಿಂದಿನವರು ನುಗ್ಗಿ ಹೋಗುತ್ತಾರೆ, ಇಲ್ಲಿ ಮುಂದೆ ಒಂದು ಹೆಜ್ಜೆ ಇಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ. ಅವಳಿಗೆ ಎರಡು ಕಡೆಯೂ ಬೈಸಿಕೊಂಡು ಅಭ್ಯಾಸವಾಗಿದೆ. ಇಲ್ಲಿಯವರು ಸತ್ತವರ ಗೋರಿಗೆ ಹೂವಿಟ್ಟು ದೀಪ ಹಚ್ಚಿ ಗಂಟೆಗಟ್ಟಲೆ ನಿಲ್ಲುತ್ತಾರೆ, ಮಕ್ಕಳನ್ನು ಎಲ್ಲರೆದುರೂ ಮುದ್ದಿಸುತ್ತಾರೆ. ತನ್ನ ಜನಕ್ಕೆ ಅದು ಬರುವುದಿಲ್ಲ. ಊಟ ಆಯಿತೇ ಎಂದು ಕೇಳುತ್ತಾರೆ, ಅಷ್ಟೇ. ಭಾನುವಾರ ಈ ಬೀದಿಯಲ್ಲಿ ಕೈಯಲ್ಲೊಂದು ಗೊಂಬೆ ಹಿಡಿದು ಬರುವಾಗಲೂ ಅವಳು ಅದನ್ನೇ ಕೇಳುತ್ತಿದ್ದಳು. ಮಗು ಪಿರೋಷ್ಕಾಳ ಲಂಗದ ಹಿಂದೆ ಅವಿತುಕೊಳ್ಳುತ್ತಿತ್ತು. "ಹೋಗು ಟೀಮಿ, ಅಮ್ಮ ಬಂದಿದಾಳೆ ನೋಡು" ಎಂದು ಪಿರೋಷ್ಕಾ ಮುಂದೆ ತಳ್ಳಿದರೆ ರಂಪ. ಯಾವೆನ್ ಎನ್ನಲು ನಾಲಿಗೆ ಹೊರಳದೆ ಟೀಮಿ ಎಂದಿಟ್ಟವಳೂ ಅವಳೇ. ಒಂದು ಭಾನುವಾರ ಮೂರು ವರ್ಷದ ಮಗು, ತಾನು ಅಜ್ಜಿ ಎಂದು ಕರೆಯುತ್ತಿದ್ದ ಪಿರೋಷ್ಕಾಳ ಕಿವಿಯಲ್ಲಿ, ಗುಟ್ಟು ಎಂದುಕೊಂಡು ಮನೆಯೆಲ್ಲ ಕೇಳುವಂತೆ, "ಈ ಆಂಟಿ ಯಾವಾಗ ಹೋಗ್ತಾಳೆ?" ಎಂದಿತು. ಅಷ್ಟು ಹಂಗೇರಿ ಭಾಷೆ ಸುಲಾನಳಿಗೆ ಅಷ್ಟರಲ್ಲಿ ಬಂದಿತ್ತು. ಅರ್ಥವಾಗದವಳ ಹಾಗೆ ನಕ್ಕು, ಗೊಂಬೆಗೆ ಕೀಲಿ ಕೊಡುತ್ತ ಕೂತಿದ್ದಳು.

ಐದನೆಯ ಮಹಡಿಗೆ ಹತ್ತುವಾಗಲೇ ಸಾರಿನ ವಾಸನೆ ಬಂತು. ಕೋಳಿಯದು. ಕರಿಮೆಣಸು ಇಡಿಯಾಗಿ ಹಾಕಿ ಸಣ್ಣ ಉರಿಯಲ್ಲಿ ಬೆಳಗಿನಿಂದ ಕುದಿಸಿದ್ದು. ಭಾನುವಾರವಾದರೆ ಸರಿ, ಸೋಮವಾರ ಯಾರು ಇಷ್ಟು ಮುತುವರ್ಜಿಯಿಂದ ಸಾರು ಮಾಡುತ್ತಾರೆ ಎಂದುಕೊಂಡು ಗಂಟೆ ಒತ್ತಿದಳು. ಬಾಗಿಲು ತೆಗೆದ ಪಿರೋಷ್ಕಾಳ ಕೈ ಮೊಣಕೈವರೆಗೆ ಹಿಟ್ಟಾಗಿತ್ತು. ಎಪ್ಪತ್ತೆಂಟರ ಮುದುಕಿ, ಕೆನ್ನೆ ಯಾವಾಗಲೂ ಕೆಂಪು. ಆ ಕೆಂಪು ಸುಲಾನಳ ಕಣ್ಣೆದುರೇ ಇಳಿದುಹೋಯಿತು.

"ಜೂಜಿ!" ಅಂದಳು. ಸುಲಾನಳಿಗೆ ಮಾರುಕಟ್ಟೆಯವರು ಇಟ್ಟ ಹೆಸರು ಅದು. "ನೀನು... ಇವತ್ತು ಅಂಗಡಿ ಇಲ್ವಾ?"

"ಬಿಟ್ಟು ಬಂದೆ, ಪಿರೋಷ್ಕಾ ಅಮ್ಮ. ಒಂದು ಮಾತು ಹೇಳೋದಿತ್ತು."

"ಫೋನ್ ಮಾಡ್ಬಾರ್ದಿತ್ತಾ? ಮನೆಯೆಲ್ಲಾ ಹರಡಿಕೊಂಡಿದೆ, ನಾನೇ ಸಾಯಂಕಾಲ ನಿನ್ನ ಹತ್ರ..."

ಒಳಗೆ ಮಗು ಅತ್ತಿತು. ಸುಲಾನ್ ಮೊದಲು ಟೀವಿ ಎಂದುಕೊಂಡಳು. ಆಮೇಲೆ, ಪಕ್ಕದ ಮನೆಯದು, ಈ ಕಟ್ಟಡದ ಗೋಡೆಗಳೇ ತೆಳು. ಮುದುಕಿಯ ಭುಜದಾಚೆ ಹಜಾರದಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲೆ ಅಂಗೈಯಗಲದ ಅಂಗಿಗಳು ಸಾಲಾಗಿ ಒಣಗುತ್ತಿದ್ದವು. ಪಿರೋಷ್ಕಾ ಯಾರದ್ದೋ ಮಗುವನ್ನು ಮತ್ತೆ ನೋಡಿಕೊಳ್ಳುತ್ತಿದ್ದಾಳೆ, ಈ ವಯಸ್ಸಿನಲ್ಲಿ, ಪಾಪ, ಎಂದೂ ಅವಳು ಯೋಚಿಸಿದಳು. ಒಂದು ನಿಮಿಷದಲ್ಲಿ ಮನುಷ್ಯ ಎಷ್ಟು ದಡ್ಡನಾಗಬಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ಯಾವೆನಳ ದನಿ, ನಿದ್ದೆಗಣ್ಣಿನ ದನಿ, ಹಂಗೇರಿ ಭಾಷೆಯಲ್ಲಿ ಬಂತು: "ಅಜ್ಜೀ, ಯಾರದು?"

ಪಿರೋಷ್ಕಾ ಅಡ್ಡ ನಿಲ್ಲಲಿಲ್ಲ. ಗೋಡೆಗೆ ಒರಗಿ, ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸುತ್ತ, ಒರೆಸುತ್ತ ಇದ್ದಳು. "ಅಮ್ಮನಿಗೆ ಹೇಳು ಅಂತ ಟೀಮಿಗೆ ನಾನು ದಿನಾ ಹೇಳ್ದೆ, ಜೂಜಿ. ದೇವರಾಣೆ. ನನ್ನ ಮಾತು ಎಲ್ಲಿ ಕೇಳ್ತಾಳೆ." ಹೋದ ವಾರ ಸುಲಾನ್ ಫೋನು ಮಾಡಿ ಏನಾದರೂ ಸಮಾಚಾರವಿದೆಯೇ ಎಂದು ಕೇಳಿದಾಗ ಇದೇ ಬಾಯಿ "ಏನೂ ಇಲ್ಲ" ಎಂದಿತ್ತು. ಅಳಿಯ ಗೆರ್ಗೊ ಮೊನ್ನೆ, "ಎಲ್ಲಾ ಚೆನ್ನಾಗಿದೆ ಅತ್ತೆ, ಅವಳು ಮಲಗಿದಾಳೆ" ಅಂದಿದ್ದ. ಮಲಗಿದ್ದು ನಿಜವೇ. ಸುಲಾನ್ ಚಪ್ಪಲಿ ಬಿಟ್ಟು, ಕಿತ್ತಳೆಯ ಚೀಲ ಹಿಡಿದುಕೊಂಡೇ ಒಳಗೆ ನಡೆದಳು.

ಕೋಣೆಯಲ್ಲಿ ಉಸಿರುಗಟ್ಟುವಷ್ಟು ಸೆಕೆ. ಕಿಟಕಿ ಮುಚ್ಚಿ, ಸಂದಿಗೆ ಹಳೆಯ ಟವೆಲು ತುರುಕಿದ್ದರು. ಮಂಚದ ಮೂರು ಕಡೆಗೂ ದಾರ ಕಟ್ಟಿ, ಬಿಳಿಯ ದುಪ್ಪಟಿ ಇಳಿಬಿಟ್ಟಿದ್ದರು. ಅದರೊಳಗೆ ಯಾವೆನ್, ತಲೆಗೂ ಕಿವಿಗೂ ಹೂವಿನ ವಸ್ತ್ರ ಬಿಗಿದುಕೊಂಡು, ಕುತ್ತಿಗೆವರೆಗೆ ಹೊದ್ದು ಮಲಗಿದ್ದಳು. ಹೊದಿಕೆಯಾಚೆ ಇಣುಕುವ ಕಾಲಿಗೆ ಉಣ್ಣೆಯ ಕಾಲುಚೀಲ. ಪಕ್ಕದಲ್ಲಿ ಮಗು, ಅದರ ಮಣಿಕಟ್ಟಿನಲ್ಲಿ ದೃಷ್ಟಿಗೆಂದು ಕಟ್ಟಿದ ಕೆಂಪು ದಾರ. ಸುಲಾನಳ ಕೈಚೀಲದೊಳಗೂ, ಪರ್ಸಿನಲ್ಲಿ, ಅಂಥದೇ ಒಂದು ದಾರವಿತ್ತು. ಅವಳಿಗೆ ತನ್ನ ಕನಸಿನೊಳಗೆ ತಾನೇ ತಡವಾಗಿ ಬಂದಂತಾಯಿತು. ಎಲ್ಲ ಅವಳು ಅಂದುಕೊಂಡ ಹಾಗೆಯೇ ಇದೆ, ಒಂದೂ ತಪ್ಪಿಲ್ಲ, ಅವಳೊಬ್ಬಳು ಅದರಲ್ಲಿ ಇಲ್ಲ.

"ಅಮ್ಮ" ಅಂದಳು ಯಾವೆನ್.

"ಯಾವಾಗ?"

"ಹೋದ ವಾರದ ಹಿಂದಿನ ವಾರ. ಹೆಣ್ಣು."

"ಏಪ್ರಿಲ್ ಅಂದಿದ್ದೆ."

"ಬೇಕಂತ್ಲೇ ಅಂದಿದ್ದೆ."

ಕೇಳಬೇಕಾದದ್ದು ಎಷ್ಟೋ ಇತ್ತು. ಸುಲಾನಳ ಬಾಯಿಂದ ಬಂದದ್ದು, "ತಲೆ ತೊಳ್ಕೊಂಡ್ಯಾ?"

"ಇಲ್ಲಮ್ಮ. ಅಜ್ಜಿ ಬಿಡಲ್ಲ."

ಪಿರೋಷ್ಕಾ ಬಾಗಿಲಲ್ಲೇ ನಿಂತು, ಯಾವುದೋ ಅಪರಾಧಕ್ಕೆ ವಿವರಣೆ ಕೊಡಬೇಕಾದವಳಂತೆ ಗಡಬಡಿಸಿ ಹೇಳತೊಡಗಿದಳು. "ನಮ್ಮಮ್ಮನ ಊರಲ್ಲಿ ಹೀಗೇ ಜೂಜಿ, ಆರು ವಾರ. ಬಾಣಂತಿ ಹೊಸ್ತಿಲು ದಾಟೋ ಹಾಗಿಲ್ಲ. ಬಾವಿಗೆ ಹೋದ್ರೆ ನೀರಲ್ಲಿ ಹುಳ ಬೀಳತ್ತೆ ಅನ್ನೋರು. ದಿನಾ ಒಬ್ರು ಕೋಳಿ ಸಾರು ಮಾಡಿ ತರ್ಬೇಕು, ಶ್ಯಾವಿಗೆ ಹಾಕಿ. ಈಗೆಲ್ಲ ಯಾರು ಮಾಡ್ತಾರೆ, ಡಾಕ್ಟ್ರು ನಗ್ತಾರೆ. ನನಗಂತೂ ಮಕ್ಕಳಾಗ್ಲಿಲ್ಲ. ಒಂದ್ಸಲ ಮಾಡೋಣ ಅಂತ..."

"ನಿಮ್ಮಲ್ಲೂ ಇತ್ತಾ?" ಎಂದಳು ಸುಲಾನ್. "ಮೂವತ್ತು ವರ್ಷದಲ್ಲಿ ಒಂದು ದಿನ ಹೇಳ್ಲಿಲ್ಲ."

"ನೀನು ಕೂತು ಮಾತಾಡಿದ್ದು ಯಾವಾಗಮ್ಮ? ಬರ್ತಿದ್ದೆ, ಗಡಿಯಾರ ನೋಡ್ತಿದ್ದೆ, ಹೋಗ್ತಿದ್ದೆ." ಮುದುಕಿ ಚುಚ್ಚಬೇಕೆಂದು ಹೇಳಿದ್ದಲ್ಲ. ಅದೇ ಹೆಚ್ಚು ಚುಚ್ಚಿತು. ಈ ಜನಕ್ಕೆ ಏನೂ ಗೊತ್ತಿಲ್ಲ, ಹೆತ್ತವಳಿಗೆ ತಣ್ಣನೆಯ ಸಾರು ಕೊಡುವ ಜನ ಎಂದು ಹೇಳಿಕೊಂಡೇ ಸುಲಾನ್ ಎಲ್ಲ ಅವಮಾನವನ್ನೂ ನುಂಗಿದ್ದಳು. ಮಗಳು ಅವರ ಮಾತಾಡಲಿ, ಅವರವನನ್ನು ಮದುವೆಯಾಗಲಿ, ಹೆಸರು ಬದಲಿಸಿಕೊಳ್ಳಲಿ. ಹೆರಿಗೆಯ ಹೊತ್ತಿಗೆ ನನ್ನ ಹತ್ತಿರ ಬರಲೇಬೇಕು, ಯಾಕೆಂದರೆ ಇದು ನಮಗೆ ಮಾತ್ರ ಗೊತ್ತು. ಆ ಒಂದು ಗಂಟು ಇವತ್ತು ಬಿಚ್ಚಿಹೋಗಿ, ಒಳಗೆ ಇದ್ದದ್ದು ಎಲ್ಲರ ಮನೆಯಲ್ಲೂ ಇರುವುದೇ ಎಂದು ತಿಳಿಯಿತು. ಹಾಗಾದರೆ ಆ ಜನವರಿಯಲ್ಲಿ ಆಸ್ಪತ್ರೆಯ ದಾದಿಗೂ ಇದು ಗೊತ್ತಿತ್ತೇ? ಗೊತ್ತಿದ್ದೂ ಕಿಟಕಿ ತೆಗೆದಳೇ? ಇಷ್ಟು ವರ್ಷ ಕ್ಷಮಿಸಿದ್ದ ಆ ಹೆಂಗಸಿನ ಮೇಲೆ ಸುಲಾನಳಿಗೆ ಈಗ ಹೊಸದಾಗಿ ಸಿಟ್ಟು ಬಂತು.

"ನಾನು ಹೇಳಿದಾಗ ಜೈಲು ಅಂದೆ," ಎಂದಳು, ತನ್ನ ಭಾಷೆಯಲ್ಲಿ.

ಯಾವೆನ್ ಮಗುವಿನ ಕಿವಿಯನ್ನೇ ನೋಡುತ್ತ, "ನೀನು ಮಾಡಿದ್ರೆ ಜೈಲೇ ಆಗ್ತಿತ್ತಮ್ಮ" ಅಂದಳು. "ಅಜ್ಜಿ ಮಾಡ್ತಾಳೆ, ಮಾಡಿ ಮರ್ತುಬಿಡ್ತಾಳೆ, ಹೋಗಿ ಟೀವಿ ನೋಡ್ತಾಳೆ. ನೀನು ಹಾಗಲ್ಲ. ಒಂದೊಂದು ಚಮಚಕ್ಕೂ ನನ್ನ ಮುಖ ನೋಡ್ತೀಯ. ನಿನಗೆ ಯಾರೂ ಮಾಡ್ಲಿಲ್ಲ ಅಂತ ಅಳ್ತೀಯ. ನಾನು ಮಗೂನ ಸಮಾಧಾನ ಮಾಡ್ಲಾ, ನಿನ್ನ ಸಮಾಧಾನ ಮಾಡ್ಲಾ? ನನಗೆ ನಿದ್ದೆ ಬೇಕಿತ್ತು. ಅಷ್ಟೇ."

"ಒಂದು ಮಾತು ಹೇಳಿದ್ರೆ ನಾನೇ ದೂರ ಇರ್ತಿದ್ದೆ."

"ಇರ್ತಿರ್ಲಿಲ್ಲ."

ನಿಜ, ಇರುತ್ತಿರಲಿಲ್ಲ. ಸುಲಾನ್ ಕಿತ್ತಳೆಯ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಪಿರೋಷ್ಕಾ ಮಗುವನ್ನು ಎತ್ತಿ, ಕೇಳದೆಯೇ, ಅವಳ ಮಡಿಲಲ್ಲಿಟ್ಟಳು. ಬೆಚ್ಚಗಿನ ಸಣ್ಣ ಭಾರ. ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಏನೇನೋ ಆಗುತ್ತದೆ ಎಂದು ಮಾರುಕಟ್ಟೆಯ ಹೆಂಗಸರು ಹೇಳಿದ್ದರು. ಏನೂ ಆಗಲಿಲ್ಲ. ಮಗು ಆಕಳಿಸಿತು. ಇದರ ವಯಸ್ಸಿನಲ್ಲಿ ಯಾವೆನ್ ಹೇಗಿದ್ದಳು ಎಂದು ನೆನಪಿಸಿಕೊಳ್ಳಲು ಹೋದರೆ, ಬರೀ ರಟ್ಟಿನ ಪೆಟ್ಟಿಗೆಗಳು, ಕಾಲುಚೀಲದ ಕಟ್ಟುಗಳು, ಅವುಗಳ ನಡುವೆ ಒಂದು ಕಂಬಳಿ ಕಾಣಿಸಿದವು, ಮುಖ ಕಾಣಿಸಲಿಲ್ಲ. ನನಗೆ ಮೋಸ ಮಾಡಿದರು ಎಂದು ಅವಳು ಮನಸ್ಸಿನಲ್ಲಿ ಸ್ಪಷ್ಟವಾಗಿ ಹೇಳಿಕೊಂಡಳು. ಮೂವರೂ ಸೇರಿ, ಫೋನಿನಲ್ಲಿ ನಗುನಗುತ್ತ, ನನ್ನ ಬೆನ್ನ ಹಿಂದೆ. ಅದನ್ನು ಜೋರಾಗಿ ಹೇಳಿದರೆ ಮಗು ಏಳುತ್ತದೆ. ಮಗು ಎದ್ದರೆ ಪಿರೋಷ್ಕಾಳೇ ಬಂದು ಎತ್ತಿಕೊಳ್ಳಬೇಕು.

"ಏನೋ ಹೇಳ್ಬೇಕು ಅಂತ ಬಂದ್ಯಲ್ಲ ಜೂಜಿ?" ಎಂದಳು ಪಿರೋಷ್ಕಾ.

"ಏನಿಲ್ಲ" ಎಂದಳು ಸುಲಾನ್. "ಕಿತ್ತಳೆ ಕೊಡೋಣ ಅಂತ."

ಮುದುಕಿ ಕಿತ್ತಳೆಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿ, ಅಡುಗೆಮನೆಗೆ ಹೋಗಿ, ಒಂದು ಬಟ್ಟಲು ಸಾರು ತಂದಳು. ಬಂಗಾರದ ಬಣ್ಣದ ಸಾರು, ಮೇಲೆ ಕೊಬ್ಬಿನ ಸಣ್ಣ ಸಣ್ಣ ಕಣ್ಣುಗಳು, ತಳದಲ್ಲಿ ದಾರದಂಥ ಶ್ಯಾವಿಗೆ. ತನ್ನದಾಗಿದ್ದರೆ ಕೆಂಪಗಿರುತ್ತಿತ್ತು, ಶುಂಠಿ ಮೂಗಿಗೆ ಹೊಡೆಯುತ್ತಿತ್ತು. ಇದೂ ಒಳ್ಳೆಯ ಸಾರೇ. ಅಡುಗೆ ಬಲ್ಲವಳಿಗೆ ನೋಡಿದರೇ ತಿಳಿಯುತ್ತದೆ, ಯಾವ ಸಾರಿನ ಮುಂದೆ ಯಾರಾದರೂ ಬೆಳಗಿನಿಂದ ನಿಂತಿದ್ದಾರೆ ಎಂದು.

"ಅಮ್ಮ, ಇನ್ನೊಂದು ಮಾತು" ಎಂದಳು ಯಾವೆನ್. ದನಿ ಈಗ ಮೆತ್ತಗಾಗಿತ್ತು. "ಊರಲ್ಲಿ ಎಲ್ಲಾರೂ ಗ್ರೂಪಲ್ಲಿ ಕೇಳ್ತಾನೇ ಇದಾರೆ. ಫುಚಿಂಗಿನ ಅತ್ತೆ, ನಿನ್ನ ಅತ್ತಿಗೆ, ದಿನಾ ಒಂದು ಮೆಸೇಜು ಹಾಕ್ತಾಳೆ. ನೀನು ಇಲ್ಲದೇ ಆಯ್ತು ಅಂತ ಗೊತ್ತಾದ್ರೆ ನಿನ್ನ ಬಗ್ಗೆ ಏನೇನು ಆಡ್ಕೋತಾರೋ. ಅದಕ್ಕೇ ನಾವು ಯೋಚ್ನೆ ಮಾಡಿದ್ವಿ."

"ನಾವು" ಎಂದಳು ಸುಲಾನ್.

"ನಾನು, ಅಜ್ಜಿ, ಗೆರ್ಗೊ. ನೀನು ಬಂದ ದಿನ ಒಂದು ಫೋಟೋ ತೆಗೆದು ಹಾಕೋಣ ಅಂತ. ಮೊನ್ನೆ ತಾನೇ ಹುಟ್ಟಿದ್ದು ಅನ್ನೋಣ. ನೀನು ಬಟ್ಟಲು ಹಿಡ್ಕೊಂಡು ನನ್ನ ಪಕ್ಕ ಕೂತ್ಕೋ. ಯಾರಿಗೂ ಗೊತ್ತಾಗಲ್ಲ."

ತನ್ನ ಮಾನ ಉಳಿಸುವುದು ಹೇಗೆಂದು ಇವರು ಊಟದ ಮೇಜಿನ ಸುತ್ತ ಕೂತು ಮಾತಾಡಿಕೊಂಡಿದ್ದಾರೆ. ಪಾಪ ಅಂದಿದ್ದಾರೆ. ಮುಚ್ಚಿಟ್ಟದ್ದಕ್ಕಿಂತ ಅದು ಹೆಚ್ಚಾಯಿತು. ಎದ್ದು ಹೋಗಿಬಿಡಬೇಕು ಎಂದು ಸುಲಾನಳಿಗೆ ಅನ್ನಿಸಿತು. ಮೈ ಮಾತ್ರ ಎದ್ದು, ಮಗುವನ್ನು ಮಲಗಿಸಿ, ದುಪ್ಪಟಿಯ ಒಳಗೆ ಮಂಚದ ಅಂಚಿನಲ್ಲಿ ಕೂತಿತು. ಯಾಕೆಂದರೆ ಅತ್ತಿಗೆಯ ನಗು ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷ ಅಲ್ಲಿ ಏನು ಕಡಿದು ಕಟ್ಟೆ ಹಾಕಿದಳು, ಹೆತ್ತ ಮಗಳೇ ಬಾಣಂತನಕ್ಕೆ ಕರೆಯಲಿಲ್ಲವಂತೆ ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಯಾಳು.

"ತಡಿ" ಎಂದು ಯಾವೆನ್ ಬಟ್ಟಲನ್ನು ಕೈಗೆ ತೆಗೆದುಕೊಂಡು, ಚಮಚದಿಂದ ಕ್ಯಾರೆಟ್ಟಿನ ಹೋಳುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕಿದಳು. "ಕ್ಯಾರೆಟ್ ಕಂಡ್ರೆ ಅತ್ತೆ ಕಂಡುಹಿಡೀತಾಳೆ. ನಿನ್ನ ಸಾರಲ್ಲಿ ಯಾವತ್ತು ಕ್ಯಾರೆಟ್ ಇರ್ತಿತ್ತು?"

ತನ್ನ ಸಾರಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಇವಳಿಗೆ ನೆನಪಿದೆ. ಸುಲಾನಳ ಕಣ್ಣು ತುಂಬಿ ಬಂತು. ಅಳಬಾರದು, ಅತ್ತರೆ ಮಗಳು ಹೇಳಿದ್ದೆಲ್ಲ ನಿಜವಾಗುತ್ತದೆ. ಬಟ್ಟಲು ಹಿಡಿದು, ಚಮಚದಲ್ಲಿ ಸಾರು ತುಂಬಿ, ಮಗಳ ತುಟಿಯ ಹತ್ತಿರ ಒಯ್ದಳು. ಪಿರೋಷ್ಕಾ ಫೋನನ್ನು ಎರಡು ಕೈಯಲ್ಲೂ ದೂರ ಹಿಡಿದು, ಕನ್ನಡಕದ ಮೇಲಿನಿಂದ ಇಣುಕಿದಳು.

"ಇನ್ನೂ ಸ್ವಲ್ಪ ಹತ್ರ ಹೋಗು ಜೂಜಿ. ಹಾಂ. ಸ್ವಲ್ಪ ನಗಮ್ಮ. ಟೀಮಿ, ಬಾಯಿ ತೆಗಿ."

ಯಾವೆನ್ ಬಾಯಿ ತೆರೆದಳು. ಮುಖ ಎತ್ತಿ, ಕಣ್ಣರಳಿಸಿ ತಾಯಿಯನ್ನು ನೋಡಿದಳು. ಸುಲಾನ್ ಜೀವಮಾನದಲ್ಲಿ ಬಯಸಿದ್ದು ಆ ನೋಟವನ್ನೇ. ಫೋನು ಕ್ಲಿಕ್ ಅಂದಿತು. ಚಮಚವನ್ನು ಮುಂದಕ್ಕೆ ಒಯ್ಯುವಷ್ಟರಲ್ಲಿ ಬಾಯಿ ಮುಚ್ಚಿಕೊಂಡಿತ್ತು.

"ಸಾಕಮ್ಮ, ಬಂತು" ಎಂದು ಯಾವೆನ್ ಫೋನಿಗೆ ಕೈ ಚಾಚಿದಳು.

ಪಿರೋಷ್ಕಾ ಫೋನು ಕೊಟ್ಟು, ಸುಲಾನಳ ಕೈಯಿಂದ ಬಟ್ಟಲನ್ನೂ ಚಮಚವನ್ನೂ ತೆಗೆದುಕೊಂಡು, "ಆರಿಹೋಗತ್ತೆ" ಎಂದು ಗೊಣಗುತ್ತ ಕ್ಯಾರೆಟ್ಟನ್ನೆಲ್ಲ ವಾಪಸು ಸುರಿದಳು. ಸುಲಾನ್ ಎದ್ದು ಜಾಗ ಬಿಟ್ಟುಕೊಟ್ಟಳು. ಕೋಣೆಯಲ್ಲಿ ಇದ್ದ ಒಂದೇ ಕುರ್ಚಿಯಲ್ಲಿ, ಗೋಡೆಯ ಪಕ್ಕ, ಮತ್ತೆ ಕೂತಳು. ಮುದುಕಿ ಮಂಚದ ಅಂಚಿನಲ್ಲಿ ಕೂತು ಕುಡಿಸತೊಡಗಿದಳು. ಯಾವೆನ್ ಹೆಬ್ಬೆರಳಿನಲ್ಲಿ ಏನೋ ಬರೆಯುತ್ತ, ಚಮಚ ಬಂದಾಗಲೆಲ್ಲ ತಲೆ ಎತ್ತದೆ, ನೋಡದೆ, ಬಾಯಿ ತೆರೆಯುತ್ತಿದ್ದಳು. ಸುಲಾನಳ ಕೈಚೀಲದೊಳಗೆ ಫೋನು ಗುಂಯ್ ಎಂದಿತು, ಮತ್ತೆ ಗುಂಯ್ ಎಂದಿತು. ಅವಳು ತೆಗೆದು ನೋಡಿದಳು. ಫೋಟೋದಲ್ಲಿ ತಾಯಿಯೂ ಮಗಳೂ ಬಹಳ ಚೆನ್ನಾಗಿ ಬಂದಿದ್ದರು. ಅತ್ತಿಗೆ ಬರೆದಿದ್ದಳು: 'ತಾಯಿ ಕೈಯ ಸಾರು! ಪುಣ್ಯವಂತೆ. ಇನ್ನಷ್ಟು ಕುಡಿಸು, ಬಿಡಬೇಡ.'

ಮಣಿಕಟ್ಟು ನೋಯುತ್ತಿತ್ತು. ಸುಲಾನ್ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಉತ್ತರ ಬರೆದಳು: 'ಸಾಕು ಸಾಕು ಅಂತಾಳೆ. ನಾನೇ ಬಲವಂತ ಮಾಡಿ ಕುಡಿಸ್ತಾ ಇದೀನಿ.'